ಎಸ್‌ಪಿಎಫ್ ನೀತಿಗೆ ಟಿಎಕ್ಸ್‌ಟಿ ರೆಕಾರ್ಡೋ, ಎಸ್‌ಪಿಎಫ್ ರೆಕಾರ್ಡೋ?

ಪ್ರಶ್ನೆ:
ನಮ್ಮ ಡೊಮೇನ್‌ನ ಝೋನ್ ಫೈಲ್ (ಡಿಎನ್‌ಎಸ್ ರೆಕಾರ್ಡ್‌ಗಳ ಕಡತ) ಹತ್ತು ವರ್ಷಕ್ಕೂ ಹಳೆಯದು. ಅದರಲ್ಲಿ ಒಂದೇ ಎಸ್‌ಪಿಎಫ್ ನೀತಿ (ನಮ್ಮ ಹೆಸರಿನಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ಎರಡು ಸಾಲುಗಳಲ್ಲಿದೆ: ಒಂದು ಟಿಎಕ್ಸ್‌ಟಿ (ಯಾವುದೇ ಪಠ್ಯ ಇಡಬಹುದಾದ) ಬಗೆಯದು, ಇನ್ನೊಂದು ಎಸ್‌ಪಿಎಫ್ ಎಂಬ ಹೆಸರಿನದೇ ಬಗೆಯದು. ಕಳೆದ ವಾರ ಮೇಲ್ ಸರ್ವರ್‌ನ ಐಪಿ ವಿಳಾಸ ಬದಲಾದಾಗ, ಹೆಸರನ್ನು ನಂಬಿ ಎರಡನೆಯದನ್ನಷ್ಟೇ ತಿದ್ದಿದೆ. ಅಂದಿನಿಂದ ನಮ್ಮ ಇನ್‌ವಾಯ್ಸ್‌ಗಳು ಗ್ರಾಹಕರ ಸ್ಪ್ಯಾಮ್ ಫೋಲ್ಡರ್ ಸೇರುತ್ತಿವೆ, ಹೆಡರ್‌ನಲ್ಲಿ ‘ಸಾಫ್ಟ್‌ಫೇಲ್’ (ಕಳಿಸಿದ ಸರ್ವರ್‌ಗೆ ಬಹುಶಃ ಅನುಮತಿಯಿಲ್ಲ) ಎಂದಿರುತ್ತದೆ. ತಪ್ಪಿರುವುದು ಎಲ್ಲಿ?

ಉತ್ತರ:
ನೀವು ತಿದ್ದಿದ ಸಾಲನ್ನು ಈಗ ಯಾರೂ ಓದುವುದಿಲ್ಲ. 2006ರ ಆರ್‌ಎಫ್‌ಸಿ 4408 (ಇಂಟರ್ನೆಟ್ ನಿಯಮಗಳನ್ನು ವಿವರಿಸುವ ದಾಖಲೆ) ಎಸ್‌ಪಿಎಫ್‌ಗೆಂದೇ 99ನೆಯ ಸಂಖ್ಯೆಯ ಪ್ರತ್ಯೇಕ ಬಗೆಯನ್ನು ಕೊಟ್ಟಿತ್ತು. ಆದರೆ ಎರಡರಲ್ಲಿ ಯಾವುದನ್ನೂ ಕಡ್ಡಾಯ ಮಾಡದಿದ್ದುದರಿಂದ, ಟಿಎಕ್ಸ್‌ಟಿಯಲ್ಲಿ ಮಾತ್ರ ಪ್ರಕಟಿಸುವವರೂ 99ನ್ನು ಮಾತ್ರ ವಿಚಾರಿಸುವವರೂ ನಿಯಮವನ್ನು ಪಾಲಿಸುತ್ತಲೇ ಪರಸ್ಪರ ಕಾಣದೆ ಹೋಗುವ ವಿಚಿತ್ರ ಸ್ಥಿತಿ ಸಾಧ್ಯವಿತ್ತು. 99ರ ಬಳಕೆಯೂ ಅತಿ ವಿರಳವಾಗಿದ್ದ ಕಾರಣ 2014ರ ಆರ್‌ಎಫ್‌ಸಿ 7208 ಅದನ್ನು ಕೈಬಿಟ್ಟು, ಟಿಎಕ್ಸ್‌ಟಿಯಲ್ಲೇ ಪ್ರಕಟಿಸಬೇಕೆಂದು ವಿಧಿಸಿತು. ಟಿಎಕ್ಸ್‌ಟಿ ಸಾಲಿಗೆ ಹೊಸ ವಿಳಾಸ ಹಾಕಿ, ಇನ್ನೊಂದನ್ನು ಅಳಿಸಿಬಿಡಿ. ಡಿಕಿಮ್ (ಮೇಲ್‌ನ ಡಿಜಿಟಲ್ ಸಹಿ) ಕೀಲಿ ಮತ್ತು ಡಿಮಾರ್ಕ್ (ಪರಿಶೀಲನೆಯಲ್ಲಿ ಸೋತ ಮೇಲ್‌ಗೆ ಏನು ಮಾಡಬೇಕೆಂಬ) ನೀತಿಗಳೂ ಟಿಎಕ್ಸ್‌ಟಿಯವೇ, ಅವುಗಳಿಗೆ ಅಂಡರ್‌ಸ್ಕೋರ್ ಇರುವ ಬೇರೆ ಹೆಸರುಗಳಿರುವುದರಿಂದ ಇದರೊಂದಿಗೆ ಘರ್ಷಿಸುವುದಿಲ್ಲ.

ಪ್ರಶ್ನೆ ಕೇಳಿದವರು:
ಹಳೆಯ ಟಿಎಕ್ಸ್‌ಟಿಯನ್ನು ಮುಟ್ಟಲು ಅಂಜಿ, ಅದರ ಕೆಳಗೆ ಹೊಸದೊಂದನ್ನು ಸೇರಿಸಿದೆ. ಈಗ ‘ಪರ್ಮ್‌ಎರರ್’ (ಶಾಶ್ವತ ದೋಷ) ಬರುತ್ತಿದೆ.

ಉತ್ತರ:
ಅದು ಬರಲೇಬೇಕು. ಒಂದು ಹೆಸರಿನಡಿ ಎಸ್‌ಪಿಎಫ್‌ನ ಎರಡು ಟಿಎಕ್ಸ್‌ಟಿಗಳು ಸಿಕ್ಕರೆ, ಪರಿಶೀಲಿಸುವ ಸರ್ವರ್ ಯಾವುದನ್ನೂ ಆರಿಸಿಕೊಳ್ಳದೆ ದೋಷವೆಂದೇ ಪರಿಗಣಿಸುತ್ತದೆ. ಎರಡನ್ನೂ ಕೂಡಿಸಿ ಒಂದೇ ಮಾಡಿ. ಹಾಗೆ ಕೂಡಿಸಿದಾಗ ಪಠ್ಯ 255 ಅಕ್ಷರ ಮೀರಿದರೆ, ಅದನ್ನು ಉದ್ಧರಣ ಚಿಹ್ನೆಗಳೊಳಗಿನ ತುಣುಕುಗಳಾಗಿ ಒಡೆದು ಒಂದೇ ರೆಕಾರ್ಡ್‌ನಲ್ಲಿ ಇಡಬೇಕು. ಓದುವಾಗ ತುಣುಕುಗಳು ನಡುವೆ ಜಾಗವಿಲ್ಲದೆ ಬೆಸೆದುಕೊಳ್ಳುವುದರಿಂದ, ಮೊದಲ ತುಣುಕಿನ ಕೊನೆಗೆ, ಉದ್ಧರಣ ಚಿಹ್ನೆಯೊಳಗೇ, ಒಂದು ಸ್ಪೇಸ್ ಬಿಡಿ. ಇಲ್ಲವಾದರೆ ಒಂದು ಐಪಿ ವಿಳಾಸದ ಬಾಲಕ್ಕೆ ಮುಂದಿನ ಪದ ಅಂಟಿಕೊಂಡು ಇಡೀ ನೀತಿ ಕೆಡುತ್ತದೆ. ಈ ಒಂದು ಸ್ಪೇಸಿಗಾಗಿ ನಾನು ಅರ್ಧ ದಿನ ಕಳೆದಿದ್ದೇನೆ.

ಟಿಟಿಎಲ್ (ಉತ್ತರವನ್ನು ಇಟ್ಟುಕೊಳ್ಳಬಹುದಾದ ಸೆಕೆಂಡುಗಳು) 86400 ಎಂದಿದ್ದರೆ, ರಿಸಾಲ್ವರ್‌ಗಳು (ಡಿಎನ್‌ಎಸ್ ಉತ್ತರ ಹುಡುಕಿಕೊಡುವ ಸರ್ವರ್‌ಗಳು) ಹಳೆಯ ಉತ್ತರವನ್ನು ಒಂದು ದಿನದವರೆಗೂ ಇಟ್ಟುಕೊಂಡಿರಬಹುದಾದ್ದರಿಂದ, ತಿದ್ದಿದ ಮೇಲೆ ನಿಮ್ಮ ಅಧಿಕೃತ ನೇಮ್‌ಸರ್ವರನ್ನೇ ಡಿಗ್ ಎಂಬ ಡಿಎನ್‌ಎಸ್ ಉಪಕರಣದ ಮೂಲಕ ನೇರವಾಗಿ ವಿಚಾರಿಸಿ ನೋಡಿ.