ಬಿವಾ ಸರೋವರದ ಬಾಣಬಿರುಸು: ಫೋಟೋದಲ್ಲಿ ಬರೀ ಹೊಗೆ, ಯಾರಾದ್ರೂ ನೋಡಿ ಹೇಳಿ

ಒಸಾಕಾವಾಸಿ: ತಲೆ ಕೆಟ್ಟುಹೋಗಿದೆ. ನಿನ್ನೆ ಜಪಾನಿನ ಬಿವಾ ಸರೋವರದ ದಡದ ಊರು ಓತ್ಸುವಿಗೆ ಹೋಗಿದ್ದೆ. ಹಗಲೆಲ್ಲ ಮಿಯಿದೆರಾ ದೇವಸ್ಥಾನದ ಫೋಟೋ, ಅವೆಲ್ಲ ಚೆನ್ನಾಗಿವೆ. ರಾತ್ರಿ ಸರೋವರದ ಬಾಣಬಿರುಸು 140 ತೆಗೆದೆ. ನೂರಕ್ಕೂ ಜಾಸ್ತಿ ಫೋಟೋಗಳಲ್ಲಿ ಹೊಗೆ ಮತ್ತು ಊರಿನ ದೀಪ ಬಿಟ್ಟರೆ ಏನೂ ಇಲ್ಲ. ಕೊನೆಯ ಐದು ನಿಮಿಷದವು ಮಾತ್ರ ಸರಿಯಾಗಿವೆ. ಐಎಸ್‌ಓ 100, ಎಫ್ 11, 4 ಸೆಕೆಂಡ್, 50 ಎಂಎಂ, ಟ್ರೈಪಾಡ್. ಶಟರ್ ಹೋಯ್ತಾ?

ನೈಟ್‌ಶಟರ್: ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇದೆ. ಕಣ್ಣು ಮುಚ್ಚಿ ಹೇಳ್ತೀನಿ. 4 ಸೆಕೆಂಡ್ ಫೋಟೋ ಆದ ಮೇಲೆ ಇನ್ನೂ 4 ಸೆಕೆಂಡ್ ಕತ್ತಲ ಫ್ರೇಮ್ ತೆಗೆಯುತ್ತದೆ. ಅಷ್ಟರಲ್ಲಿ ಬಾಣ ಅರಳಿ ಮುಗಿದಿರುತ್ತದೆ.

ಒಸಾಕಾವಾಸಿ: ಆಫ್ ಇದೆ ಸರ್. ಎರಡು ಸಲ ನೋಡಿದೆ.

ನೈಟ್‌ಶಟರ್: ಮೂರನೇ ಸಲ ನೋಡಿ. ಆಗಲಿಲ್ಲ ಅಂದ್ರೆ ಮೆನು ಪೂರ್ತಿ ರೀಸೆಟ್ ಮಾಡಿ.

ಬೆಳಕಿನ ಹುಚ್ಚ: ಎಫ್ 11 ಯಾಕೆ? ಎಫ್ 8 ಸಾಕಿತ್ತು.

ಕರಿಪರದೆ: ಎಫ್ 8ರಲ್ಲಿ ಬೆಳಕು ಜಾಸ್ತಿ ಒಳಗೆ ಬಂದು ನಡುಭಾಗ ಸುಟ್ಟು ಬಿಳಿಯಾಗುತ್ತದೆ. ಬಣ್ಣ ಬೇಕಂದ್ರೆ ಎಫ್ 11, ಇಲ್ಲ 13.

ಬೆಳಕಿನ ಹುಚ್ಚ: ನಾನು ದಸರಾದಲ್ಲಿ ಮೂರು ಕ್ಯಾಮೆರಾ ಇಟ್ಟುಕೊಂಡು ಎಫ್ 8ರಲ್ಲೇ ತೆಗೆದದ್ದು. ಕಾರ್ಬನ್ ಫೈಬರ್ ಟ್ರೈಪಾಡ್, ಗೇರ್ಡ್ ಹೆಡ್. ಒಂದೂ ಸುಟ್ಟಿಲ್ಲ.

ಹಳೇರೋಲ್: ಅಂದಹಾಗೆ ಆ ದೇವಸ್ಥಾನದ ಅಸಲಿ ಹೆಸರು ಒಂಜೋಜಿ. ಮಿಯಿದೆರಾ ಅನ್ನೋದು ಜನ ಕರೆಯೋ ಹೆಸರು.

ಒಸಾಕಾವಾಸಿ: ಇಲ್ಲಿ ಎಲ್ಲರೂ ಮಿಯಿದೆರಾ ಅಂತಲೇ ಹೇಳೋದು. ಹೆಸರು ಬಿಡಿ, ಹೊಗೆಗೆ ಏನಾದ್ರೂ ಹೇಳಿ.

ಕರಿಪರದೆ: ಕೊನೆಯ ಐದು ನಿಮಿಷ ಸರಿ ಬಂತು ಅಂದ್ರೆ ಕ್ಯಾಮೆರಾ ಚೆನ್ನಾಗಿದೆ. ಕೊನೆಗೆ ಒಂದರ ಮೇಲೊಂದು ಹಾರಿಸ್ತಾರೆ, ಯಾವಾಗ ಒತ್ತಿದರೂ ಏನೋ ಸಿಗುತ್ತದೆ. ಒಂಟಿ ಬಾಣಗಳೇ ತಪ್ಪಿವೆ. ಶಟರ್ ಒತ್ತಿದ್ದು ಹೇಗೆ?

ಒಸಾಕಾವಾಸಿ: ಸೌಂಡ್ ಟ್ರಿಗರ್‌ನಿಂದ, ಶಬ್ದ ಕೇಳಿದ ಕೂಡಲೇ ತಾನೇ ಶಟರ್ ಒತ್ತುತ್ತದೆ. ಹೇಳಿರಲಿಲ್ವಾ? ಅದರಲ್ಲೇನೂ ತೊಂದರೆ ಇಲ್ಲ, ಸಂಜೆ ಟೆಸ್ಟ್ ಮಾಡಿದ್ದೆ. ಮಿಯಿದೆರಾದಲ್ಲಿ 1602ರ ದೊಡ್ಡ ಗಂಟೆ ಇದೆ, ದುಡ್ಡು ಕೊಟ್ಟರೆ ನಾವೇ ಹೊಡೆಯಬಹುದು. ಯಾರೋ ಹೊಡೆದರು, ಟಕ್ ಅಂತ ಫೋಟೋ ಬಿತ್ತು. ಮರದ ದಿಮ್ಮಿ ಗಂಟೆಗೆ ತಾಗಿರುವಾಗಲೇ!

ಕರಿಪರದೆ: ಗಂಟೆ ಎಷ್ಟು ದೂರ ಇತ್ತು? ಬಾಣಬಿರುಸು ಎಷ್ಟು ದೂರ?

ಒಸಾಕಾವಾಸಿ: ಗಂಟೆ ಹತ್ತು ಹೆಜ್ಜೆ. ಬಾಣಬಿರುಸು ಹಾರಿಸೋದು ಓತ್ಸು ಬಂದರಿನ ಮುಂದೆ, ನೀರಿನ ಮೇಲಿಂದ. ದಡದಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ, ಅದಕ್ಕೆ ದೇವಸ್ಥಾನದ ಕಡೆಯ ಗುಡ್ಡದಲ್ಲೇ ನಿಂತೆ. ಮ್ಯಾಪಿನಲ್ಲಿ ಒಂದೂವರೆ ಕಿಲೋಮೀಟರ್.

ಕರಿಪರದೆ: ಸಿಕ್ಕಿತಲ್ಲ! ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನಿಮ್ಮ ಹತ್ತಿರ ಬರೋಕೆ ನಾಲ್ಕು ಸೆಕೆಂಡಿಗೂ ಜಾಸ್ತಿ. ಡಬ್ ಅಂತ ಕೇಳಿ ಶಟರ್ ತೆರೆಯುವಾಗ ಕಿಡಿ ಆರಿ ಹೊಗೆ ಉಳಿದಿರುತ್ತದೆ.

ಒಸಾಕಾವಾಸಿ: ಅಯ್ಯೋ. ಟ್ರಿಗರ್‌ನಲ್ಲಿ ಡಿಲೇ ಸೆಟ್ಟಿಂಗ್ ಇದೆ, ಮೈನಸ್ ನಾಲ್ಕು ಇಡೋಕೆ ಆಗಲ್ವಾ?

ಹಳೇರೋಲ್: ಅಷ್ಟು ಒಳ್ಳೇ ಟ್ರಿಗರ್ ಸಿಕ್ಕರೆ ನನಗೂ ಒಂದು ತನ್ನಿ, ಲಾಟರಿಗೆ ಬೇಕು.

ಕರಿಪರದೆ: ಟ್ರಿಗರ್ ಬಿಚ್ಚಿಡಿ. ವೈರ್ ರಿಮೋಟ್ ಹಾಕಿ, ಬಲ್ಬ್ ಮೋಡ್. ಅದರಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತದೆ. ಬಾಣದ ಬಾಲ ಮೇಲೇರೋದು ಕಂಡ ತಕ್ಷಣ ತೆರೆಯಿರಿ, ಕಿಡಿ ಬಾಗಿ ಆರುವಾಗ ಮುಚ್ಚಿ. ಒಂದೇ ಫ್ರೇಮಿನಲ್ಲಿ ಎರಡು ಮೂರು ಬೇಕಂದ್ರೆ ಶಟರ್ ಮುಚ್ಚಬೇಡಿ. ನಡುವೆ ಲೆನ್ಸ್ ಮುಂದೆ ಕಪ್ಪು ರಟ್ಟು ಹಿಡಿಯಿರಿ, ಲೆನ್ಸಿಗೆ ತಾಗಿಸಬೇಡಿ. ಗಾಳಿ ಬೆನ್ನ ಹಿಂದಿನಿಂದ ಇರುವ ಕಡೆ ನಿಂತರೆ ಹೊಗೆ ನಿಮ್ಮ ಕಡೆ ಬರಲ್ಲ.

ನೈಟ್‌ಶಟರ್: ಅದೆಲ್ಲ ಸರಿ. ಆದ್ರೂ ನಾಯ್ಸ್ ರಿಡಕ್ಷನ್ ಒಂದು ಸಲ ನೋಡಿಬಿಡಿ.

ಒಸಾಕಾವಾಸಿ: ನೋಡಿದೆ. ಆಫ್. ರಟ್ಟು ಮುಂದಿನ ಬೇಸಿಗೆಗೆ. ಈ ಟ್ರಿಗರ್ ಯಾರಿಗಾದ್ರೂ ಬೇಕಾ? ಅರ್ಧ ಬೆಲೆ.

ಬೆಳಕಿನ ಹುಚ್ಚ: ನನಗಿರಲಿ. ಮಳೆಗಾಲದಲ್ಲಿ ಗುಡುಗಿಗೆ ಇಟ್ಟು ಮಿಂಚು ತೆಗೀತೀನಿ.