ಲಕ್ವಾ ಹೊಡೆದು ಮಲಗಿದವರ ಬೆನ್ನಿನ ಆರೈಕೆ: ತಿಕ್ಕಬೇಕೆ, ತಿಕ್ಕಬಾರದೆ?

ನವನಗರದ ಹೊಸಬಳು (ಬಾಗಲಕೋಟೆ):

ಎಲ್ಲರಿಗೂ ನಮಸ್ಕಾರ. ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿ ಮುಗಿಸಿ, ಇಲ್ಲಿನ ಒಂದು ಮನೆಯಲ್ಲಿ ಹಗಲುಪಾಳಿಯ ಆರೈಕೆಗೆ ಸೇರಿ 3 ವಾರಗಳಾದವು. ನಾನು ನೋಡಿಕೊಳ್ಳುವ ಅಜ್ಜನವರಿಗೆ 72 ವರ್ಷ. ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಮಾತೂ ತೊದಲುತ್ತದೆ. ಸೋಮವಾರ ಮೈ ಒರೆಸುವಾಗ ಬಾಲದ ಮೂಳೆಯ ಮೇಲೆ ರೂಪಾಯಿ ನಾಣ್ಯದಷ್ಟು ಜಾಗ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ ಕಂಡಿತು, ಚರ್ಮ ಒಡೆದಿಲ್ಲ. ಸ್ಪಿರಿಟ್ ಹಚ್ಚಿ ಚೆನ್ನಾಗಿ ತಿಕ್ಕಿ ಪೌಡರ್ ಹಾಕಿದರೆ ರಕ್ತ ಓಡಾಡುತ್ತದೆ ಎಂದು ಅಜ್ಜಿಯವರು ಹೇಳುತ್ತಾರೆ. ಅವರ ಅತ್ತೆ ಆಸ್ಪತ್ರೆಯಲ್ಲಿದ್ದಾಗ ಆಯಾ ಹಾಗೆಯೇ ಮಾಡುತ್ತಿದ್ದರಂತೆ. ನಮಗೆ ತಿಕ್ಕಬಾರದೆಂದು ಕಲಿಸಿದ್ದರು, ಆದರೆ ಕಾರಣ ಹೇಳಿರಲಿಲ್ಲ. ಹಾಗಾಗಿ ಹಿರಿಯರ ಎದುರು ಉತ್ತರ ಕೊಡಲು ನನಗೆ ತಿಳಿಯುತ್ತಿಲ್ಲ.

ಇನ್ನೊಂದು ತೊಡಕಿದೆ. ನೀರು ಕುಡಿಸಿದರೆ ಅಜ್ಜನವರು ಕೆಮ್ಮುವುದರಿಂದ ಎತ್ತರಕ್ಕೆ ಕೂರಿಸಿಯೇ ಉಣಿಸಬೇಕಾಗಿದೆ. ಆದರೆ ಕೂರಿಸಿದಷ್ಟೂ ಹಾಸಿಗೆಯಲ್ಲಿ ಕೆಳಕ್ಕೆ ಜಾರುತ್ತಾರೆ, ಅದೇ ಜಾಗ ಉಜ್ಜಿಹೋಗುತ್ತದೆ. ಎರಡನ್ನೂ ಹೊಂದಿಸುವುದು ಹೇಗೆ?

ನಿವೃತ್ತ ವಾರ್ಡ್ ಸಿಸ್ಟರ್ (ಬೆಳಗಾವಿ):

ತಂಗೀ, ಅಜ್ಜಿಯವರು ಹೇಳುವುದು ಸುಳ್ಳಲ್ಲ. ನಾನೂ ಒಂದು ಕಾಲದಲ್ಲಿ ಸ್ಪಿರಿಟ್ ಮತ್ತು ಪೌಡರಿನ ಟ್ರೇ ಹಿಡಿದು ಮಂಚದಿಂದ ಮಂಚಕ್ಕೆ ತಿರುಗಿದವಳೇ. ಆಮೇಲೆ ಆ ಪದ್ಧತಿಯನ್ನು ಕೈಬಿಟ್ಟದ್ದಕ್ಕೆ ಕಾರಣವಿದೆ. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿದ ಮಾಂಸಖಂಡದಲ್ಲಿ ಕೂದಲೆಳೆಯಂಥ ರಕ್ತನಾಳಗಳು ಆಗಲೇ ನಜ್ಜಾಗಿರುತ್ತವೆ. ಅವುಗಳ ಮೇಲೆ ತಿಕ್ಕಿದರೆ ರಕ್ತ ಓಡಾಡುವ ಬದಲು ಆ ನಾಳಗಳೇ ಒಳಗೆ ಇನ್ನಷ್ಟು ಹರಿದುಹೋಗುತ್ತವೆ. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ, ಪೌಡರ್ ಬೆವರಿನೊಂದಿಗೆ ಗಂಟುಕಟ್ಟಿ ಮರಳಿನಂತೆ ಒತ್ತುತ್ತದೆ. ಅಜ್ಜಿಯವರಿಗೆ ಇದನ್ನೇ ಹೇಳಿ. ಎಣ್ಣೆ ಹಚ್ಚಲೇಬೇಕೆಂದರೆ ಕೈಕಾಲುಗಳಿಗೆ ಮೆಲ್ಲಗೆ ಸವರಲಿ, ಆ ಜಾಗವನ್ನು ಮಾತ್ರ ಮುಟ್ಟುವುದು ಬೇಡ.

ಆ ಜಾಗವನ್ನು ಬೆರಳಿನಿಂದ 3 ಸೆಕೆಂಡು ಒತ್ತಿ ಬಿಡಿ. ಬಣ್ಣ ತಿಳಿಯಾಗಿ ಮತ್ತೆ ಮರಳಿದರೆ ರಕ್ತಸಂಚಾರ ಇದೆ ಎಂದರ್ಥ. ತಿಳಿಯಾಗದೇ ಹಾಗೆಯೇ ಉಳಿದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಆದರೆ ನಮ್ಮಂಥ ಕಂದು ಮೈಬಣ್ಣದಲ್ಲಿ ಈ ಬದಲಾವಣೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಬೆರಳಿನ ಹಿಂಬದಿಯಿಂದ ಮುಟ್ಟಿ, ಪಕ್ಕದ ಚರ್ಮಕ್ಕಿಂತ ಬಿಸಿ ಇದೆಯೇ, ಗಟ್ಟಿಯಾಗಿದೆಯೇ ಅಥವಾ ಮೆತ್ತಗಾಗಿದೆಯೇ, ಮುಟ್ಟಿದಾಗ ಮುಖ ಕಿವುಚುತ್ತಾರೆಯೇ ಎಂಬುದನ್ನು ನೋಡಿ. ಮಾತು ತೊದಲುವವರ ನೋವು ಮುಖದಲ್ಲೇ ಕಾಣಬೇಕು. ಕಂಡದ್ದನ್ನು ಅಳತೆಯೊಂದಿಗೆ ಬರೆದು ಇವತ್ತೇ ಮೇಲಿನ ಸಿಸ್ಟರಿಗೋ ಡಾಕ್ಟರಿಗೋ ತಿಳಿಸಿ. ಮುಲಾಮು ಆರಿಸುವುದು ನಿಮ್ಮ ಕೆಲಸವಲ್ಲ.

ಮಗ್ಗುಲು ಬದಲಿಸುವಾಗ ಪೂರ್ತಿ ಪಕ್ಕಕ್ಕೆ ಹೊರಳಿಸಬೇಡಿ, ಆಗ ಭಾರವೆಲ್ಲ ಸೊಂಟದ ಪಕ್ಕದ ಮೂಳೆಗೆ ಬೀಳುತ್ತದೆ. ಭುಜದಿಂದ ಸೊಂಟದವರೆಗೆ ಬೆನ್ನಿನ ಹಿಂದೆ ದಿಂಬು ಇಟ್ಟು ಸುಮಾರು 30 ಡಿಗ್ರಿಯಷ್ಟೇ ವಾಲಿಸಿ. ಮೀನಖಂಡದ ಕೆಳಗೂ ಒಂದು ದಿಂಬು ಕೊಟ್ಟು, ಹಿಮ್ಮಡಿ ಮತ್ತು ಹಾಸಿಗೆಯ ನಡುವೆ ನಿಮ್ಮ ಅಂಗೈ ಸಲೀಸಾಗಿ ತೂರುವಂತೆ ನೋಡಿಕೊಳ್ಳಿ.

ಅಪ್ಪನನ್ನು ನೋಡಿಕೊಂಡವನು (ವಿಜಯಪುರ):

ಇಷ್ಟೆಲ್ಲ ಏಕೆ, ಒಂದು ಏರ್ ಬೆಡ್ ತಂದರೆ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. ತಂದೆವು, ಅದರ ಮೇಲೆ ಅವ್ವ ಪ್ರೀತಿಯಿಂದ ತಾನೇ ಹೊಲಿದ ಕೌದಿ ಹಾಸಿದಳು. ಎಂಟು ದಿನಗಳ ನಂತರ ನೋಡಿದರೆ ಅಪ್ಪನ ಬೆನ್ನ ಮೇಲೆ ಕೌದಿಯ ಹೊಲಿಗೆ ಸಾಲುಸಾಲಾಗಿ ಅಚ್ಚೊತ್ತಿತ್ತು. ಹಾಸಿಗೆಯ ಮೇಲೆ ಏನಿದೆ ಎಂದು ಮೊದಲು ನೋಡಿ.

ನಿವೃತ್ತ ವಾರ್ಡ್ ಸಿಸ್ಟರ್ (ಬೆಳಗಾವಿ):

ಕೌದಿಯ ಮಾತು ನನಗೆ ಹೊಳೆದಿರಲಿಲ್ಲ, ಒಳ್ಳೆಯದಾಯಿತು. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಗಾಳಿ ತುಂಬಿದ ರಬ್ಬರ್ ರಿಂಗನ್ನು ಯಾರಾದರೂ ಸೂಚಿಸಿದರೆ ಅದೂ ಬೇಡ. ಅದರ ಅಂಚು ಸುತ್ತಲಿನ ರಕ್ತಸಂಚಾರವನ್ನೇ ತಡೆಯುತ್ತದೆ.

ಫಿಸಿಯೋಥೆರಪಿಸ್ಟ್ (ವಿಜಯಪುರ):

ಜಾರುವ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ತಲೆಯ ಕಡೆ ಎತ್ತುವ ಮೊದಲು ತೊಡೆಯ ಕೆಳಗೆ ದಿಂಬು ಇಟ್ಟು ಮೊಣಕಾಲನ್ನು ಮಡಚಿಸಿ, ಆಮೇಲೆ ಬೆನ್ನನ್ನು ಎತ್ತಿದರೆ ಜಾರುವುದು ಬಹಳ ಕಡಿಮೆಯಾಗುತ್ತದೆ. ಉಣಿಸುವಾಗ ನೆಟ್ಟಗೆ ಕೂರಿಸಿ, ಊಟದ ನಂತರವೂ 30 ನಿಮಿಷ ಹಾಗೆಯೇ ಇರಿಸಿ, ಅನಂತರ ಬೆನ್ನನ್ನು 30 ಡಿಗ್ರಿಗೆ ಇಳಿಸಿ. ದಿನವಿಡೀ ಅರ್ಧ ಕೂತ ಭಂಗಿಯಲ್ಲಿ ಬಿಡುವುದೇ ಬಾಲದ ಮೂಳೆಗೆ ಹೆಚ್ಚು ಹಾನಿಕರ. ಮೇಲಕ್ಕೆ ಸರಿಸಬೇಕಾದಾಗ ಕಂಕುಳಿಗೆ ಕೈಹಾಕಿ ಎಳೆಯಬೇಡಿ, ಸ್ವಾಧೀನವಿಲ್ಲದ ಭುಜದ ಕೀಲು ಸುಲಭವಾಗಿ ಜಾರುತ್ತದೆ. ಬೆನ್ನ ಕೆಳಗೆ ಅಡ್ಡಲಾಗಿ ಹಾಸಿದ ಬೆಡ್‌ಶೀಟನ್ನು ಎರಡೂ ಕಡೆ ಇಬ್ಬರು ಹಿಡಿದು ಎತ್ತಿ ಸರಿಸಬೇಕು.

ಅಜ್ಜನವರಿಗೆ ಎಡಭಾಗದಲ್ಲಿ ಶಕ್ತಿಯಿರುವುದರಿಂದ ಸಣ್ಣ ಚಮಚೆಯನ್ನು ಬಾಯಿಯ ಎಡಕ್ಕೆ ಕೊಡಿ, ನುಂಗಿದ ಮೇಲೆ ಬಲಗೆನ್ನೆಯೊಳಗೆ ಅನ್ನ ಉಳಿದಿದೆಯೇ ಎಂದು ನೋಡಿ. ನೀರಿಗೆ ಕೆಮ್ಮುತ್ತಾರೆ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತೆಳುವಾದ ದ್ರವ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಅಂಬಲಿ ಸುಲಭವಾಗಿ ನುಂಗಿದಂತೆ ಕಂಡರೂ ಎಷ್ಟು ಗಟ್ಟಿಯಾಗಿರಬೇಕೆಂಬುದನ್ನು ನುಂಗುವಿಕೆಯ ಪರೀಕ್ಷೆ ಮಾಡಿದವರೇ ಹೇಳಬೇಕು.

ನವನಗರದ ಹೊಸಬಳು (ಬಾಗಲಕೋಟೆ):

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಡಾಕ್ಟರು ಬಂದು ನೋಡಿ ಮೊದಲ ಹಂತವೇ ಎಂದರು, ನುಂಗುವಿಕೆಯ ಪರೀಕ್ಷೆಗೂ ಬರೆದುಕೊಟ್ಟರು. ನಮ್ಮಲ್ಲಿಯೂ ಬೆಡ್‌ಶೀಟಿನ ಕೆಳಗೆ ಕೌದಿ ಇತ್ತು. ಈಗ ಅದು ಅಜ್ಜಿಯವರ ಮಂಚಕ್ಕೆ ಹೋಗಿದೆ. ಕಾರಣ ತಿಳಿಸಿ ಹೇಳಿದ ಮೇಲೆ ಅವರು ಸ್ಪಿರಿಟ್ ಬಾಟಲಿಯನ್ನು ತಾವೇ ಒಳಗಿಟ್ಟರು. ಅವರಿಗೆ ಓದು ಬರಹ ಬಾರದ್ದರಿಂದ ಚಾರ್ಟಿನ ಬದಲು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾರೆ: ಎಡಮಗ್ಗುಲಿಗೆ ಗೆರೆ, ಬಲಮಗ್ಗುಲಿಗೆ ಸೊನ್ನೆ. ಇಂದು ಬೆಳಿಗ್ಗೆ ನಾನು ಬಂದಾಗ ರಾತ್ರಿಯ ಲೆಕ್ಕದಲ್ಲಿ ಎರಡು ಗೆರೆ, ಎರಡು ಸೊನ್ನೆ ಇದ್ದವು.