ತುರ್ತು: ಬೆನ್ನುಹುರಿಯ ಸುತ್ತ ತಾನಾಗಿ ಆಗುವ ರಕ್ತಸ್ರಾವಕ್ಕೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆಯೊಂದರ ಕರಪತ್ರ ಅನುವಾದ ಮಾಡುತ್ತಿದ್ದೇನೆ. ಸಂಜೆ ಪ್ರೆಸ್ಸಿಗೆ ಹೋಗಬೇಕು. ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ: ‘ಸ್ಪಾಂಟೇನಿಯಸ್ ಸ್ಪೈನಲ್ ಎಪಿಡ್ಯೂರಲ್ ಹೆಮಟೋಮಾ’.

ವಿಷಯ ಇಷ್ಟು. ಬಿದ್ದಿರುವುದಿಲ್ಲ, ಪೆಟ್ಟಾಗಿರುವುದಿಲ್ಲ. ಆದರೂ ಬೆನ್ನುಮೂಳೆಯ ಒಳಗೆ, ಬೆನ್ನುಹುರಿಯನ್ನು ಸುತ್ತಿರುವ ಗಟ್ಟಿ ಪೊರೆಯ ಹೊರಗಡೆ ರಕ್ತ ಸೋರಿ ನಿಲ್ಲುತ್ತದೆ. ಅಲ್ಲಿ ಜಾಗ ಕಡಿಮೆ, ಹುರಿ ಅಮುಕಿಹೋಗುತ್ತದೆ. ಕುತ್ತಿಗೆಯಲ್ಲೋ ಬೆನ್ನಲ್ಲೋ ಇದ್ದಕ್ಕಿದ್ದಂತೆ ಚುಚ್ಚಿದ ಹಾಗೆ ನೋವು. ಆಮೇಲೆ ಕೆಲವು ಗಂಟೆಗಳಲ್ಲಿ ಕೈಕಾಲು ಜೋಮು, ಬಲ ಹೋಗುವುದು, ಮೂತ್ರ ಕಟ್ಟುವುದು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ಬರುವಂಥದ್ದು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಅಪಾಯ ಜಾಸ್ತಿ. ಹೃದಯದ ಕವಾಟ ಬದಲಾಯಿಸಿಕೊಂಡು ವಾರ್ಫರಿನ್ ನುಂಗುತ್ತಿರುವವರಿಗಾಗಿಯೇ ಈ ಕರಪತ್ರ.

ನನ್ನ ಕರಡು: ‘ಸ್ವಯಂಪ್ರೇರಿತ ಬೆನ್ನುಹುರಿ ರಕ್ತ ಹೆಪ್ಪುಗಟ್ಟುವಿಕೆ’. ಓದಿದರೆ ನನಗೇ ಸಮಾಧಾನವಿಲ್ಲ. ದಯವಿಟ್ಟು ಬೇಗ ತಿಳಿಸಿ.

ಉತ್ತರ, ಮೈಸೂರಿನಿಂದ

‘ಸ್ವಯಂಪ್ರೇರಿತ’ ಬೇಡವೇ ಬೇಡ. ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಾಗ ಪತ್ರಿಕೆಯವರು ಬರೆಯುವ ಪದ ಅದು. ರಕ್ತಕ್ಕೆ ಎಂಥ ಪ್ರೇರಣೆ? ಇನ್ನು ‘ಬೆನ್ನುಹುರಿ ರಕ್ತ’ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ‘ಸ್ವಯಂಜಾತ ಮೇರುರಜ್ಜು ಬಾಹ್ಯಾವರಣ ರಕ್ತಗುಲ್ಮ’ ಎಂದು ಹಾಕಿ. ಒಂದಕ್ಷರ ಆಚೀಚೆ ಆಗುವುದಿಲ್ಲ.

ಉತ್ತರ, ಶಿವಮೊಗ್ಗದಿಂದ

ಕರಪತ್ರ ಓದುವವರು ರೋಗಿಗಳು, ಪಂಡಿತರಲ್ಲ. ಆಯುರ್ವೇದದಲ್ಲಿ ಗುಲ್ಮ ಅಂದರೆ ಹೊಟ್ಟೆಯೊಳಗಿನ ಗಂಟು. ಬೆನ್ನಿಗೆ ಅದನ್ನು ಯಾಕೆ ತಂದಿರಿ?

‘ರಕ್ತ’ ಸಂಸ್ಕ್ರುತದಲ್ಲಿ ಬಣ್ಣ ಹಚ್ಚಿದ್ದು, ಕೆಂಪಾದದ್ದು ಅನ್ನೋ ಅರ್ತದ ಪದ. ನಮ್ಮದು ನೆತ್ತರು. ತೆಲುಗಿನಲ್ಲಿ ನೆತ್ತುರು, ಹಳೆಯ ತಮಿಳಿನಲ್ಲಿ ನೆಯ್ತ್ತೋರ್. ಮನೆಯಲ್ಲೇ ಇರುವಾಗ ಸಾಲ ಯಾಕೆ? ಹುರಿಯೂ ನಮ್ಮದೇ, ಪುರಿ ಅಂತಿದ್ದದ್ದು ಹುರಿ ಆಯಿತು. ‘ಬೆನ್ನುಹುರಿ ನೆತ್ತರುಗಂಟು’ ಅನ್ನಿ, ಮುಗೀತು. ಅರಿಸಮಾಸಕ್ಕೆ ಹೆದರುವವರು ಮಳೆಗಾಲ ಅನ್ನೋದನ್ನೂ ಬಿಡಬೇಕಾಗುತ್ತೆ.

ಉತ್ತರ, ಮೈಸೂರಿನಿಂದ

ಮೊದಲು ‘ಅರ್ಥ’ ಸರಿಯಾಗಿ ಬರೆಯುವುದನ್ನು ಕಲಿಯಿರಿ, ಆಮೇಲೆ ಪದ ಕಟ್ಟುವಿರಂತೆ. ಮಳೆಗಾಲ ರೂಢಿಯಲ್ಲಿ ಬಂದದ್ದು, ನಿಮ್ಮ ನೆತ್ತರುಗಂಟು ಈ ಬೆಳಗ್ಗೆ ಹುಟ್ಟಿದ್ದು.

ಉತ್ತರ, ಧಾರವಾಡದಿಂದ

ಹಿರಿಯರು ಇಬ್ಬರೂ ಸ್ವಲ್ಪ ತಡೀರಿ. ನಾನು ನರರೋಗದ ವಾರ್ಡಿನಲ್ಲಿ ನರ್ಸ್. ಸಮಸ್ಯೆ ಇರುವುದು ರಕ್ತದಲ್ಲೂ ಅಲ್ಲ, ನೆತ್ತರಲ್ಲೂ ಅಲ್ಲ, ‘ಹೆಪ್ಪು’ ಅನ್ನುವುದರಲ್ಲಿ.

ಈ ರೋಗಿಗೆ ಮಾತ್ರೆ ಕೊಡುವಾಗ ನಾವು ಹೇಳಿರುವುದೇ ‘ರಕ್ತ ಹೆಪ್ಪುಗಟ್ಟಬಾರದು, ಅದಕ್ಕೆ ಇದು’ ಅಂತ. ವರ್ಷಗಟ್ಟಲೆ ಅದೇ ಮಾತು ಕೇಳಿದವರಿಗೆ ಈಗ ‘ಬೆನ್ನಲ್ಲಿ ರಕ್ತ ಹೆಪ್ಪುಗಟ್ಟಿದೆ’ ಅಂದರೆ ಏನು ತಿಳೀತಾರೆ? ಮಾತ್ರೆ ಸಾಲಲಿಲ್ಲ, ಇನ್ನೊಂದು ನುಂಗೋಣ ಅಂತಲೇ ಅಲ್ವಾ? ನಿಜ ಅದರ ತಿರುವುಮುರುವು. ಹೆಪ್ಪು ಆಮೇಲಿನ ಮಾತು, ಮೊದಲು ಆದದ್ದು ಸೋರಿಕೆ. ಮಾತ್ರೆಯ ಪ್ರಭಾವ ಜಾಸ್ತಿಯಾಗಿದ್ದರೆ ಸೋರಿಕೆ ನಿಲ್ಲುವುದು ಕಷ್ಟ. ಅದಕ್ಕೇ ಆಸ್ಪತ್ರೆಯಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಪರೀಕ್ಷೆ) ನೋಡುತ್ತಾರೆ, ವಿಟಮಿನ್ ಕೆ ಇಂಜೆಕ್ಷನ್ ಕೊಡುತ್ತಾರೆ, ಹೆಪ್ಪುಗಟ್ಟಿಸುವ ಅಂಶಗಳನ್ನೋ ಪ್ಲಾಸ್ಮಾವನ್ನೋ ಏರಿಸುತ್ತಾರೆ. ಹೆಪ್ಪು ಕಟ್ಟಲಿ ಅಂತಲೇ ಕೊಡುವ ಔಷಧಿ ಅದು. ಕರಪತ್ರ ಹೆಪ್ಪನ್ನೇ ರೋಗ ಅಂದರೆ ಮನೆಯವರಿಗೆ ತಲೆಕೆಡುತ್ತದೆ.

ಇನ್ನೊಂದು. ಒಂದೇ ಕಡೆಯ ಕೈಕಾಲು ಬಿದ್ದರೆ ಎಲ್ಲರೂ ಲಕ್ವ ಅಂದುಕೊಳ್ಳುತ್ತಾರೆ, ಡಾಕ್ಟರಿಗೂ ಮೊದಲ ನೋಟಕ್ಕೆ ಹಾಗೆ ಕಾಣಬಹುದು. ಆಗ ಮಿದುಳಿನಲ್ಲಿ ಹೆಪ್ಪು ಸಿಕ್ಕಿಕೊಂಡಿದೆ ಅಂತ ಹೆಪ್ಪು ಕರಗಿಸುವ ಇಂಜೆಕ್ಷನ್ ಬಿದ್ದರೆ ಕೆಲಸ ಕೆಟ್ಟಿತು. ‘ಮೊದಲು ಕುತ್ತಿಗೆ ಅಥವಾ ಬೆನ್ನು ಜೋರಾಗಿ ನೋಯಿತು’ ಅಂತ ಮನೆಯವರು ಬಾಯಿಬಿಟ್ಟು ಹೇಳಬೇಕು. ಆ ಸಾಲು ದಪ್ಪ ಅಕ್ಷರದಲ್ಲಿ ಇರಲಿ. ಪತ್ತೆ ಆಗುವುದು ಎಂಆರ್‌ಐನಲ್ಲಿ.

ತಲೆಬರಹದಲ್ಲಿ ‘ರಕ್ತಸ್ರಾವ’ ಇರಲಿ. ಎಲ್ಲರಿಗೂ ಗೊತ್ತಿರುವ ಪದ, ಹೆದರಿಕೆಯೂ ಹುಟ್ಟಿಸುತ್ತದೆ. ಇಲ್ಲಿ ಹೆದರಿಕೆ ಬೇಕು.

ಉತ್ತರ, ಶಿವಮೊಗ್ಗದಿಂದ

ನರ್ಸಮ್ಮ ಹೇಳಿದ್ದು ಸರಿ, ಗಂಟು ವಾಪಸ್ ತಗೋತೀನಿ. ಹಾಗಾದ್ರೆ ‘ನೆತ್ತರುಸೋರಿಕೆ’. ರಕ್ತ ಮಾತ್ರ ಒಪ್ಪಲ್ಲ.

ಉತ್ತರ, ಮಂಗಳೂರಿನಿಂದ

ಸಾಲದ ಲೆಕ್ಕ ತೆಗೆದರೆ ಯಾರೂ ಉಳಿಯುವುದಿಲ್ಲ ಮಾರಾಯ್ರೆ. ಹೆಮಟೋಮಾದ ಮೂಲ ಗ್ರೀಕ್. ಹುರಿಯ ಮೇಲಿನ ಆ ಗಟ್ಟಿ ಪೊರೆಗೆ ವೈದ್ಯರು ಡ್ಯೂರಾ ಮೇಟರ್ ಅನ್ನುತ್ತಾರಲ್ಲ, ‘ಗಡಸು ತಾಯಿ’ ಅಂತ ಅರ್ಥ. ಅದು ಲ್ಯಾಟಿನ್ನಿನವರ ಸ್ವಂತದ್ದೂ ಅಲ್ಲ, 12ನೇ ಶತಮಾನದಲ್ಲಿ ಅರಬ್ಬಿಯಿಂದ ಪದಕ್ಕೆ ಪದ ಅನುವಾದ ಮಾಡಿಕೊಂಡದ್ದು. ನಾವು ‘ಗಟ್ಟಿ ಪೊರೆ’ ಅಂದರೆ ಧಾರಾಳ ಸಾಕು.

ಉತ್ತರ, ಮೈಸೂರಿನಿಂದ

ಅರಬ್ಬಿಯಿಂದ ಎರವಲು ತಂದವರು ಅದನ್ನು ಶಾಸ್ತ್ರದ ಭಾಷೆಗೆ ತಂದರು, ಬೀದಿಯ ಭಾಷೆಗಲ್ಲ. ನಮಗೂ ಶಾಸ್ತ್ರದ ಭಾಷೆ ಇದೆ. ಅದನ್ನು ಬಿಟ್ಟುಕೊಟ್ಟರೆ ನಾಳೆ ವೈದ್ಯಪುಸ್ತಕವನ್ನೇ ಬರೆಯಲಾಗುವುದಿಲ್ಲ.

ಉತ್ತರ, ಮಂಗಳೂರಿನಿಂದ

ಪುಸ್ತಕ ಬರೆಯುವಾಗ ನೋಡುವ. ಈಗ ಕರಪತ್ರ.

ಪ್ರಶ್ನೆ ಕೇಳಿದವಳಿಂದ

ಎಲ್ಲರಿಗೂ ಥ್ಯಾಂಕ್ಸ್. ತಲೆಬರಹ ಹೀಗೆ ಮಾಡಿದೆ: ‘ಪೆಟ್ಟಿಲ್ಲದೆ ಬೆನ್ನುಹುರಿಯ ಸುತ್ತ ರಕ್ತಸ್ರಾವ’. ‘ಗಟ್ಟಿ ಪೊರೆಯ ಹೊರಗೆ’ ಅನ್ನುವುದು ಒಳಗಿನ ಚಿತ್ರದ ಕೆಳಗೆ ಬರುತ್ತದೆ. ಇಂಗ್ಲಿಷ್ ಹೆಸರು ಕನ್ನಡ ಅಕ್ಷರದಲ್ಲಿ ಒಮ್ಮೆ ಮಾತ್ರ, ರೆಫರಲ್ ಚೀಟಿಯಲ್ಲಿ ಅದೇ ಇರುತ್ತದಲ್ಲ. ಚಿಕಿತ್ಸೆಯ ಸಾಲು: ‘ಬೆನ್ನುಮೂಳೆಯ ಹಿಂಬದಿಯ ಸ್ವಲ್ಪ ಭಾಗ ತೆಗೆದು, ಒಳಗೆ ನಿಂತ ರಕ್ತ ತೆಗೆದು, ಹುರಿಯ ಮೇಲಿನ ಒತ್ತಡ ಇಳಿಸುತ್ತಾರೆ.’ ಕೊನೆಗೆ ‘ನೋವು ಬಂದ ಕೂಡಲೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಬನ್ನಿ’ ಅಂತ ಇದೆ. ಸರಿ ಅಲ್ವಾ?

ಉತ್ತರ, ಮೈಸೂರಿನಿಂದ

ಅದು ಪದವಲ್ಲ, ವಾಕ್ಯ.

ಉತ್ತರ, ಧಾರವಾಡದಿಂದ

ತಲೆಬರಹ ಛಲೋ ಅದ. ಕೊನೆಯ ಸಾಲಿನಿಂದ ‘ಮಾತ್ರೆ ನಿಲ್ಲಿಸಿ’ ತೆಗೆದುಬಿಡಿ. ಲೋಹದ ಕವಾಟ ಇರುವವರು ಪ್ರತಿ ಬೆನ್ನುನೋವಿಗೂ ತಾವೇ ಮಾತ್ರೆ ಬಿಟ್ಟರೆ ಕವಾಟದ ಮೇಲೆ ಹೆಪ್ಪು ಕೂರುತ್ತದೆ. ನಿಲ್ಲಿಸಬೇಕೋ ಬೇಡವೋ ಅನ್ನುವುದನ್ನು ಡಾಕ್ಟರ್ ನೋಡಿಕೊಳ್ಳುತ್ತಾರೆ. ‘ಕೂಡಲೇ ಬನ್ನಿ, ಮಾತ್ರೆಯ ಚೀಟಿ ತನ್ನಿ’ ಅಷ್ಟೇ ಸಾಕು. ಚಿಕಿತ್ಸೆಯ ಸಾಲಿಗೆ ಇದನ್ನೂ ಸೇರಿಸಿ: ಬಲ ಪೂರ್ತಿ ಹೋಗುವ ಮೊದಲು, ಸಾಧ್ಯವಾದಷ್ಟು 12 ಗಂಟೆಯೊಳಗೆ ಆಪರೇಷನ್ ಆದರೆ ಕೈಕಾಲಿನ ಬಲ ಮರಳುವ ಸಾಧ್ಯತೆ ಜಾಸ್ತಿ. ಕೆಲವರಿಗೆ ಬಲ ತಾನಾಗಿ ಬೇಗ ವಾಪಸ್ ಬರತೊಡಗುತ್ತದೆ, ಅಂಥವರನ್ನು ಆಪರೇಷನ್ ಇಲ್ಲದೆ ನಿಗಾದಲ್ಲಿ ಇಡುತ್ತಾರೆ. ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸಬಾರದು ಅಂತಲೂ ಹಾಕಿ.